ಮಗಳು ತಲೆಬುರುಡೆ ಬಿಡಿಸಿದರೆ ಬಿಡಿಸಲಿ

ನಮಸ್ಕಾರ್ರಿ. ಹ್ಯಾಲೋವೀನ್ (ಭೂತ-ಪ್ರೇತದ ವೇಷ ಹಾಕುವ ಪಾಶ್ಚಾತ್ಯ ಹಬ್ಬ) ಅಂತ ಮಗಳು ದಿನಾ ತಲೆಬುರುಡೆ, ಅಸ್ಥಿಪಂಜರ ಬಿಡಿಸುತ್ತಾಳೆ, ಅಜ್ಜಿ ಅಪಶಕುನ ಅಂತಾರೆ, ತಡೆಯಬೇಕಾ ಎಂದು ಕೇಳಿದ್ದೀರಿ. ದಯವಿಟ್ಟು ತಡೆಯಬೇಡಿ.

ನೀವು ಹುಬ್ಬಳ್ಳಿಯವರಲ್ವಾ? ಒಂದು ಭಾನುವಾರ ಅಜ್ಜಿ, ಮೊಮ್ಮಗಳು ಇಬ್ಬರನ್ನೂ ಗದಗ ದಾಟಿ ಲಕ್ಕುಂಡಿಗೆ ಕರೆದೊಯ್ಯಿರಿ. ಕಾಶಿವಿಶ್ವೇಶ್ವರ ಗುಡಿಯಲ್ಲಿ ಕೀರ್ತಿಮುಖಗಳನ್ನು ತೋರಿಸಿ. ಉಬ್ಬಿದ ಕಣ್ಣು, ತೆರೆದ ಬಾಯಿ. ಶಿವನ ಮಾತಿಗೆ ತನ್ನ ಮೈಯನ್ನೇ ತಿಂದು, ಬರೀ ಮುಖ ಉಳಿದ ರಾಕ್ಷಸ ಅವನು. ಇದಕ್ಕಿಂತ ಭಯಂಕರ ಕಥೆ ಬೇಕಾ? ಅಂಥವನನ್ನೇ ನಮ್ಮ ಹಿರಿಯರು ಗುಡಿಯ ಕಾವಲಿಗೆ ಕೆತ್ತಿದರು. ಭೈರವನ ಕೊರಳಲ್ಲೂ ರುಂಡಮಾಲೆ ಇದೆ. ಇದನ್ನು ಅಜ್ಜಿಯ ಬಾಯಲ್ಲೇ ಹೇಳಿಸಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹೊರದೇಶದ್ದೂ ಬೇಕೆಂದರೆ ಮೆಕ್ಸಿಕೋದ ಕಲಾವಿದ ಪೊಸಾದ (1852–1913) ಅವರ ಚಿತ್ರ ತೋರಿಸಿ. ದೊಡ್ಡ ಟೋಪಿ ಹಾಕಿಕೊಂಡು ನಗುವ ಬುರುಡೆ ಅವರದೇ. ಜಪಾನಿನ ಕಲಾವಿದ ಕುನಿಯೋಶಿ ಅವರದು ಮೂರು ಹಾಳೆಗಳಿಗೆ ಹಬ್ಬಿದ ದೈತ್ಯ ಅಸ್ಥಿಪಂಜರ. ಪರದೆ ಹರಿದು ಒಳಗೆ ಬಗ್ಗಿ ನೋಡುತ್ತದೆ. ನನಗಂತೂ ಅದು ತುಂಬಾ ಇಷ್ಟ.

ಮೊಬೈಲಿನಲ್ಲಿ ಹುಡುಕುವಾಗ ಮಾತ್ರ ಜೊತೆಗೆ ಕೂರಿ, ನಿಜವಾದ ರಕ್ತದ ಫೋಟೋಗಳೂ ಬರುತ್ತವೆ. ಕಪ್ಪು ಹಾಳೆ, ಬಿಳಿ ಪೆನ್ಸಿಲ್ ಕೊಡಿಸಿ. ಎಲುಬು ಬಿಡಿಸಲು ಅದೇ ಚೆಂದ.