ಪ್ರೊಪೆಲ್ಲರ್ ಶಾಫ್ಟಿನ ಕೋನಗಳು

ಪ್ರಶ್ನೆ: ಲೀಫ್ ಸ್ಪ್ರಿಂಗಿನ ಹಳೆಯ ಸ್ಪೋರ್ಟ್ಸ್ ಕಾರಿನ ಚಾಸಿ ದುರಸ್ತಿಯಾಗಿದೆ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸಿದರೂ ವೇಗದಲ್ಲಿ ನಡುಕ ಹೋಗಿಲ್ಲ. ಕಾರಣವೇನು?

ಉತ್ತರ: ಮೊದಲು ಕೋನಗಳನ್ನು ಪರೀಕ್ಷಿಸಿ. ಬಾಗಿದ ಯೂನಿವರ್ಸಲ್ ಜಾಯಿಂಟ್ (ಶಾಫ್ಟಿನ ತುದಿಯಲ್ಲಿರುವ, ಬಾಗಿದರೂ ತಿರುಗುವ ಕೀಲು) ಪ್ರತಿ ಸುತ್ತಿನಲ್ಲೂ ಶಾಫ್ಟಿನ ವೇಗವನ್ನು ಎರಡು ಸಲ ಏರಿಸಿ ಇಳಿಸುತ್ತದೆ. ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟ್ ಮತ್ತು ಡಿಫರೆನ್ಶಿಯಲ್ಲಿನ (ಹಿಂದಿನ ಆಕ್ಸಲ್ಲಿನ ಗೇರುಗಳ ಜೋಡಣೆ) ಪಿನಿಯನ್ ಶಾಫ್ಟ್, ಅಂದರೆ ಅದರ ಇನ್‌ಪುಟ್ ಶಾಫ್ಟ್, ಸಮಾನಾಂತರವಾಗಿದ್ದು, ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಯೋಕ್‌ಗಳು (ಜಾಯಿಂಟನ್ನು ಹಿಡಿದಿರುವ ಕವಲುಗಳು) ಒಂದೇ ನೇರದಲ್ಲಿದ್ದರೆ ಮುಂದಿನ ಜಾಯಿಂಟಿನ ಏರಿಳಿತವನ್ನು ಹಿಂದಿನದು ಸರಿದೂಗಿಸುತ್ತದೆ. ಹೆಚ್ಚಿನವರು ಎಡವುವುದು ಅಳತೆಯಲ್ಲಿ: ಬರಿಯ ಚಾಸಿಯಲ್ಲಿ ಸ್ಪ್ರಿಂಗುಗಳು ಭಾರಕ್ಕೆ ಕುಗ್ಗಿರುವುದಿಲ್ಲ, ಆದ್ದರಿಂದ ಬಾಡಿ ಕೂರಿಸಿದ ಕಾರು ಚಕ್ರಗಳ ಮೇಲೆ ನಿಂತಿರುವಾಗಲೇ ಅಳೆಯಬೇಕು. ಪ್ರತಿ ಜಾಯಿಂಟಿನ ಕೋನ ಸುಮಾರು 1ರಿಂದ 3 ಡಿಗ್ರಿ ಇರಲಿ. ಸೊನ್ನೆಯಾದರೆ ಜಾಯಿಂಟಿನೊಳಗಿನ ನೀಡಲ್ ಬೇರಿಂಗುಗಳು (ಸೂಜಿಯಂಥ ರೋಲರುಗಳು) ಉರುಳದೆ ಒಂದೇ ಕಡೆ ಸವೆಯುತ್ತವೆ. ಎರಡು ಜಾಯಿಂಟುಗಳ ಕೋನಗಳಲ್ಲಿ ವ್ಯತ್ಯಾಸವಿದ್ದರೆ ಆಕ್ಸಲ್ ಮತ್ತು ಸ್ಪ್ರಿಂಗಿನ ನಡುವೆ ಬೆಣೆಯಾಕಾರದ ಶಿಮ್ (ತೆಳುವಾದ ಲೋಹದ ತುಂಡು) ಇಟ್ಟು ಪಿನಿಯನ್ನಿನ ಕೋನವನ್ನು ತಿದ್ದಿ.