ಮಿಲ್ಲಿನವರು ಮಿಲ್ಲಿನ ಎಣ್ಣೆಯನ್ನೇ ಕೊಳ್ಳಬೇಕಾ?

ಚಳ್ಳಕೆರೆಯಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಮಿಲ್ಲಿನ ಹೆಸರನ್ನು ಅವರೂ ಬರೆದಿಲ್ಲ, ನಾವೂ ಕೇಳಿಲ್ಲ. ಅವರು ಶೇಂಗಾ ಎಣ್ಣೆ ಮಿಲ್ಲೊಂದರ ಪ್ಯಾಕಿಂಗ್ ವಿಭಾಗದಲ್ಲಿದ್ದಾರೆ. ಹೋದ ತಿಂಗಳು ಕಿರಾಣಿ ಅಂಗಡಿಯಲ್ಲಿ ಬೇರೆ ಕಂಪನಿಯ ಪಾಮ್ ಎಣ್ಣೆ ಪೌಚ್ ತಗೊಳ್ಳುತ್ತಿದ್ದಾಗ ಸೂಪರ್‌ವೈಸರ್ ನೋಡಿದರಂತೆ. ಮರುದಿನ ಎಲ್ಲರ ಎದುರಿಗೆ "ಉಂಡ ಮನೆಗೆ ಎರಡು ಬಗೀತೀಯಾ?" ಅಂದರಂತೆ. ವಾರ ಕಳೆಯುವುದರೊಳಗೆ ಗೇಟಿನ ಹತ್ತಿರ ನೋಟಿಸ್ ಬಿತ್ತು: ಮುಂದಿನ ತಿಂಗಳಿಂದ ಒಬ್ಬೊಬ್ಬರಿಗೂ ಎರಡು ಲೀಟರ್ ಎಣ್ಣೆ, ದುಡ್ಡು ಸಂಬಳದಲ್ಲಿ ಮುರಿದುಕೊಳ್ಳಲಾಗುವುದು. ಅವರ ಮಗ, ಪಿಯುಸಿ ಓದುವ ಹುಡುಗ, "ನಿಮ್ಮ ಮಾಲು ನೀವೇ ತಗೊಳ್ಳದಿದ್ದರೆ ಮಿಲ್ ಹೆಂಗಮ್ಮ ನಡೀತದೆ?" ಎಂದು ಕೇಳಿದನಂತೆ. "ಸೂಪರ್‌ವೈಸರ್ ಅಂದಿದ್ದು ಅಷ್ಟು ನೋಯಲಿಲ್ಲ ಸರ್, ಮಗ ಕೇಳಿದ್ದು ಕೊರೀತಾ ಇದೆ. ನಾನು ಮಾಡಿದ್ದು ತಪ್ಪಾ?" ಇದು ಅವರ ಪ್ರಶ್ನೆ.

ಅಕ್ಕಾ, ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನೀವು ಮಾಡಿದ್ದರಲ್ಲಿ ತಪ್ಪು ಒಂದು ಚೂರೂ ಇಲ್ಲ. ಆ ನೋಟಿಸ್ ಮಾತ್ರ ತಪ್ಪು.

ಉಂಡ ಮನೆಯ ಮಾತು ನಿಮಗೆ ಹೊಂದುವುದೇ ಇಲ್ಲ. ಕರೆದು ಕೂರಿಸಿ ಊಟ ಹಾಕಿದವರಿಗೆ ಕೆಟ್ಟದ್ದು ಬಗೆದರೆ ಆ ಮಾತು ಸರಿ. ನೀವು ಬೆಳಗ್ಗೆಯಿಂದ ಸಂಜೆವರೆಗೆ ಮಷಿನ್ ಮುಂದೆ ನಿಂತು, ಅದರಿಂದ ಹೊರಬಿದ್ದ ಒಂದೊಂದು ಪೌಚನ್ನೂ ಅಂಗೈಯಲ್ಲಿ ಅಮುಕಿ ಸೋರುತ್ತದಾ ಎಂದು ನೋಡಿ, ನಡುನಡುವೆ ಒಂದನ್ನು ತಕ್ಕಡಿಗೆ ಇಟ್ಟು ಲೀಟರಿಗೆ 910 ಗ್ರಾಂ ಬಂತಾ ಎಂದು ಪರೀಕ್ಷೆ ಮಾಡಿ, ಬಾಕ್ಸಿಗೆ ತುಂಬುತ್ತೀರಿ. ಅದಕ್ಕೆ ಸಂಬಳ ಬರುತ್ತದೆ. ಅಲ್ಲಿಗೆ ಲೆಕ್ಕ ಚುಕ್ತಾ. ಆ ದುಡ್ಡು ನಿಮ್ಮ ಕೈಗೆ ಬಂದ ಮೇಲೆ ಅದರಲ್ಲಿ ಪಾಮ್ ಎಣ್ಣೆ ತಗೊಳ್ಳುತ್ತೀರೋ, ಮಗನಿಗೆ ನೋಟ್‌ಬುಕ್ ತಗೊಳ್ಳುತ್ತೀರೋ, ಯಾರೂ ಕೇಳುವಂತಿಲ್ಲ.

ನೀವು ಪಾಮ್ ಎಣ್ಣೆ ಯಾಕೆ ತಗೊಂಡಿರಿ ಎಂದು ಆ ಸೂಪರ್‌ವೈಸರ್ ಕೇಳಲೇ ಇಲ್ಲ ಅಲ್ವಾ? ನೀವೇ ಪತ್ರದಲ್ಲಿ ಬರೆದಿದ್ದೀರಿ: ನಿಮ್ಮ ಮಿಲ್ಲಿನ ಶೇಂಗಾ ಎಣ್ಣೆ ಲೀಟರಿಗೆ ಐವತ್ತು ಅರವತ್ತು ರೂಪಾಯಿ ಜಾಸ್ತಿ, ಮನೆಯಲ್ಲಿ ಐದು ಜನ, ಹಬ್ಬ ಬಂದಾಗ ಮಾತ್ರ ಅರ್ಧ ಲೀಟರ್ ಶೇಂಗಾ ಎಣ್ಣೆ ತಂದು ಅತ್ತೆಗೆ ಇಷ್ಟ ಅಂತ ಹೋಳಿಗೆ ಮಾಡುತ್ತೀರಿ. ಇಡೀ ದಿನ ಶೇಂಗಾ ಎಣ್ಣೆ ತುಂಬುವ ಕೈ ಸಂಜೆ ಅಂಗಡಿಯಲ್ಲಿ ಪಾಮ್ ಎಣ್ಣೆ ಕೇಳುತ್ತದೆ ಎಂದರೆ ಅದರಲ್ಲಿ ದ್ರೋಹ ಎಲ್ಲಿಂದ ಬಂತು? ನಮ್ಮ ದೇಶ ತಿನ್ನುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾದ ಪಾಮ್ ಎಣ್ಣೆ. ಅದು ಅಗ್ಗ. ನಮ್ಮ ಶೇಂಗಾ ಬೆಳೆಯುವುದು ಮಳೆ ನಂಬಿಕೊಂಡ ಹೊಲದಲ್ಲಿ, ಅದೂ ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ನಿಮ್ಮ ತಾಲ್ಲೂಕಿನಲ್ಲಿ. ಒಂದು ಕಾಲಕ್ಕೆ ಎಣ್ಣೆ ನಗರ ಎಂದೇ ಹೆಸರಾದ ಚಳ್ಳಕೆರೆಯಲ್ಲಿ ಸಂಬಳಕ್ಕೆ ದುಡಿಯುವವರ ಮನೆ ಬಾಣಲೆಗೆ ಪಾಮ್ ಎಣ್ಣೆ ಬಂದಿದ್ದು ಹೀಗೆ. ಇದನ್ನು ನೀವೊಬ್ಬರೇ ಎರಡು ಲೀಟರ್ ತಗೊಂಡು ಸರಿ ಮಾಡಲು ಆಗುವುದಿಲ್ಲ.

ಈಗ ನಿಮ್ಮ ಮಗನ ಪ್ರಶ್ನೆ. ಹುಡುಗ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದಾನೆ, ಅವನನ್ನು ಗದರಬೇಡಿ. ಕೂತು ಲೆಕ್ಕ ಹಾಕಿ ತೋರಿಸಿ. ನಿಮ್ಮ ಮಿಲ್ಲಿನಲ್ಲಿ ನೂರಿಪ್ಪತ್ತು ಜನ ಇದ್ದೀರಿ ಎಂದು ಬರೆದಿದ್ದೀರಿ. ತಲೆಗೆ ಎರಡು ಲೀಟರ್ ಅಂದರೆ ತಿಂಗಳಿಗೆ 240 ಲೀಟರ್. ಹದಿನೈದು ಲೀಟರಿನ ಹದಿನಾರು ಡಬ್ಬ. ನಮ್ಮ ದಾವಣಗೆರೆಯಲ್ಲಿ ಸಂಜೆ ಹೊತ್ತು ಮಿರ್ಚಿ ಕರಿಯುವ ನಾಲ್ಕಾರು ಗಾಡಿಯವರು ತಿಂಗಳಿಗೆ ಅಷ್ಟನ್ನು ಮುಗಿಸುತ್ತಾರೆ. ಹದಿನಾರು ಡಬ್ಬದಿಂದ ಯಾವ ಮಿಲ್ಲೂ ಉಳಿಯುವುದಿಲ್ಲ, ಹದಿನಾರು ಡಬ್ಬ ಹೋಗದಿದ್ದರೆ ಯಾವ ಮಿಲ್ಲೂ ಮುಳುಗುವುದಿಲ್ಲ. ಆದರೆ ಆ ಎರಡು ಲೀಟರಿನ ದುಡ್ಡು ನಿಮ್ಮ ಮನೆಗೆ ದೊಡ್ಡದು.

ಹರಿಹರದ ಕಡೆ ನೋಡಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್, ಅಂದರೆ ಕಬ್ಬಿಣ ಕಡೆಯುವ ದೊಡ್ಡ ಯಂತ್ರ, ತಯಾರಾಗುತ್ತಿದ್ದವು. ಆ ಲೇತ್‌ಗಳಿಗೆ ದೇಶದ ತುಂಬಾ ಹೆಸರಿತ್ತು. ಅಲ್ಲಿನ ಕೆಲಸಗಾರ ಲೇತ್ ಕೊಂಡು ಮನೆಯಲ್ಲಿ ಎಲ್ಲಿ ಇಡಬೇಕಿತ್ತು? ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಮರದ ತಿರುಳು ತಯಾರಾಗುತ್ತದೆ. ಅದು ನೂಲಾಗಿ, ಬಟ್ಟೆಯಾಗಿ, ಎಲ್ಲೋ ಅಂಗಿಯಾಗುತ್ತದೆ. ತಿರುಳನ್ನು ಕೇಜಿ ಲೆಕ್ಕದಲ್ಲಿ ಯಾವ ಕೆಲಸಗಾರ ಮನೆಗೆ ಒಯ್ಯುತ್ತಾನೆ? ಆದರೂ ಅವರು ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದರು. ಹರಿಹರದ ಹಳೆಯ ಕೆಲಸಗಾರರನ್ನು ಮಾತಾಡಿಸಿ ನೋಡಿ, ತಾವು ಮಾಡಿದ ಲೇತ್ ಬಗ್ಗೆ ಮನೆ ಮಗನ ಬಗ್ಗೆ ಹೇಳುವಷ್ಟು ಹೆಮ್ಮೆಯಿಂದ ಹೇಳುತ್ತಾರೆ. ಆ ಕಾರ್ಖಾನೆ ಮುಚ್ಚಿದ್ದು ಕೆಲಸಗಾರರು ಲೇತ್ ಕೊಳ್ಳಲಿಲ್ಲ ಎಂಬ ಕಾರಣಕ್ಕಲ್ಲ. ನಿಷ್ಠೆಯನ್ನು ಅಳೆಯಬೇಕಾದ್ದು ಕೆಲಸದಲ್ಲಿ. ಸಂತೆ ಚೀಲದಲ್ಲಿ ಅದನ್ನು ಹುಡುಕಬಾರದು.

ನಿಮ್ಮದೇ ಜಿಲ್ಲೆಯ ಮೊಳಕಾಲ್ಮೂರಿನ ಮಾತು ಇನ್ನೂ ಸಂಕಟದ್ದು. ಅಲ್ಲಿನ ರೇಷ್ಮೆ ಸೀರೆಗೆ ಜಿಐ ಮಾನ್ಯತೆ, ಅಂದರೆ ಆ ಊರಿನದೇ ಮಾಲು ಎಂಬ ಸರ್ಕಾರಿ ಗುರುತು, ಇದೆ, ಮದುವೆ ಮನೆಗಳಲ್ಲಿ ಬೆಲೆ ಇದೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನಗಟ್ಟಲೆ ಕೂತು ಅದನ್ನು ನೇಯುವವರ ಮನೆಯಲ್ಲಿ ಎಷ್ಟು ಹೆಣ್ಣುಮಕ್ಕಳು ಅದನ್ನು ಉಟ್ಟಿದ್ದಾರೆ? ನೇಕಾರರ ಹೆಂಡತಿ ಪಾಲಿಸ್ಟರ್ ಸೀರೆ ಉಟ್ಟರೆ ಯಾರನ್ನು ಕೇಳಬೇಕು, ಅವಳನ್ನೋ ಮಜೂರಿ ಗೊತ್ತುಮಾಡಿದವರನ್ನೋ?

ಇಂಥ ಮಾತು ಬಂದಾಗ ಎಲ್ಲರೂ ಅಮೆರಿಕದ ಕಾರು ಕಂಪನಿ ಮಾಲೀಕ ಹೆನ್ರಿ ಫೋರ್ಡ್ ಕಥೆ ಹೇಳುತ್ತಾರೆ. ನಿಮ್ಮ ಮಿಲ್ಲಿನಲ್ಲೂ ಮೀಟಿಂಗ್ ಮಾಡಿ ಯಾರಾದರೂ ಹೇಳಬಹುದು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 1914ರ ಜನವರಿಯಲ್ಲಿ ಫೋರ್ಡ್ ತನ್ನ ಕಾರ್ಖಾನೆಯವರಿಗೆ ದಿನಕ್ಕೆ 5 ಡಾಲರ್ ಕೊಡುವುದಾಗಿ ಹೇಳಿದ. ಅದುವರೆಗೆ ಒಂಬತ್ತು ಗಂಟೆಗೆ 2.34 ಡಾಲರ್ ಇತ್ತು, ಈಗ ಎಂಟೇ ಗಂಟೆಗೆ ಐದು. ಕೆಲಸಗಾರರು ತಮ್ಮ ಕಾರನ್ನು ತಾವೇ ಕೊಳ್ಳಲಿ ಎಂದು ಹೀಗೆ ಮಾಡಿದ ಎಂಬ ಕಥೆ ಊರೂರು ಸುತ್ತಿದೆ. ನಿಜವಾದ ಕಾರಣ ಬೇರೆ ಇತ್ತು. ಸಾಲಾಗಿ ನಿಂತು ಒಂದೇ ಕೆಲಸವನ್ನು ದಿನವಿಡೀ ಮಾಡುವುದು ಜನರಿಗೆ ಸಾಕಾಗಿ, ಸೇರಿದ ಕೆಲವೇ ದಿನಕ್ಕೆ ಬಿಟ್ಟು ಹೋಗುತ್ತಿದ್ದರು. 1913ರಲ್ಲಿ ಸುಮಾರು ಹದಿನಾಲ್ಕು ಸಾವಿರ ಜನರನ್ನು ಕೆಲಸದಲ್ಲಿ ಉಳಿಸಿಕೊಳ್ಳಲು ಕಂಪನಿ ಐವತ್ತು ಸಾವಿರಕ್ಕೂ ಜಾಸ್ತಿ ಜನರನ್ನು ಸೇರಿಸಿಕೊಳ್ಳಬೇಕಾಯಿತು. ಸಂಬಳ ಏರಿಸಿದ್ದು ಅವರನ್ನು ನಿಲ್ಲಿಸಿಕೊಳ್ಳಲು. ಕಂಪನಿ ಆಗ ವರ್ಷಕ್ಕೆ ಮಾಡುತ್ತಿದ್ದದ್ದು ಎರಡು ಲಕ್ಷಕ್ಕೂ ಹೆಚ್ಚು ಕಾರು. ಹದಿನಾಲ್ಕು ಸಾವಿರ ಜನ ಎಲ್ಲರೂ ಒಂದೊಂದು ಕೊಂಡರೂ ಎಲ್ಲಿಗೆ ಸಾಲಬೇಕು, ನೀವೇ ಹೇಳಿ.

ಆ ಕಥೆಯ ಇನ್ನೊಂದು ಭಾಗವನ್ನು ಯಾರೂ ಹೇಳುವುದಿಲ್ಲ. ಆ ಐದು ಡಾಲರ್ ಎಲ್ಲರಿಗೂ ಸುಮ್ನೆ ಸಿಗಲಿಲ್ಲ. ಕಂಪನಿಯ ಜನ ಕೆಲಸಗಾರರ ಮನೆಗೆ ಹೋಗಿ, ಮನೆ ಚೊಕ್ಕಟ ಇದೆಯಾ, ಗಂಡ ಕುಡಿಯುತ್ತಾನಾ, ದುಡ್ಡು ಉಳಿಸುತ್ತಾರಾ ಎಂದು ವಿಚಾರಿಸಿ ಬರೆದುಕೊಂಡು ಬರುತ್ತಿದ್ದರು. ಪಾಸಾದವರಿಗೆ ಪೂರ್ತಿ ಐದು ಡಾಲರ್. ನಿಮ್ಮ ಸೂಪರ್‌ವೈಸರ್ ಕಿರಾಣಿ ಅಂಗಡಿಯಲ್ಲಿ ನಿಮ್ಮ ಕೈಚೀಲ ನೋಡಿದ್ದನ್ನು ಓದುವಾಗ ನನಗೆ ತಟ್ಟನೆ ನೆನಪಾಗಿದ್ದು ಇದೇ. ದುಡ್ಡು ಕೊಟ್ಟವನು ಗೇಟಿನ ಒಳಗೆ ಯಜಮಾನ, ಒಪ್ಪೋಣ. ಗೇಟು ದಾಟಿ ಮನೆಯ ಅಡುಗೆ ಕೋಣೆಗೂ ಬಂದುಬಿಟ್ಟರೆ? ಅದೇ ಫೋರ್ಡ್ ಕಂಪನಿಯ ಡಿಯರ್‌ಬಾರ್ನ್ ಟ್ರಕ್ ಕಾರ್ಖಾನೆಯಲ್ಲಿ 2006ರಲ್ಲಿ, ಬೇರೆ ಕಂಪನಿಯ ಗಾಡಿ ತಂದ ಕೆಲಸಗಾರರು ಹತ್ತಿರದ ಜಾಗದಲ್ಲಿ ನಿಲ್ಲಿಸುವಂತಿಲ್ಲ, ದೂರ ನಿಲ್ಲಿಸಿ ನಡೆದು ಬರಬೇಕು ಎಂದು ನಿಯಮ ಮಾಡಿದ್ದರು. ತೊಂಬತ್ತು ವರ್ಷ ಕಳೆದರೂ ಈ ಬುದ್ಧಿ ಹೋಗಿರಲಿಲ್ಲ.

ಸಂಬಳದ ಬದಲು ಮಾಲು ಕೊಡುವ ಪದ್ಧತಿ ಇಂಗ್ಲೆಂಡಿನಲ್ಲಿ ಎಷ್ಟು ವಿಪರೀತವಾಗಿತ್ತೆಂದರೆ ಅದನ್ನು ತಡೆಯಲು 1831ರಲ್ಲೇ ಕಾನೂನು ಮಾಡಬೇಕಾಯಿತು. 1990ರ ದಶಕದ ರಷ್ಯಾದಲ್ಲಿ ಕಾರ್ಖಾನೆಗಳ ಹತ್ತಿರ ದುಡ್ಡಿಲ್ಲದೆ, ಗಾಜು ಮಾಡುವವರಿಗೆ ಗಾಜಿನ ಸಾಮಾನನ್ನೇ ಸಂಬಳ ಅಂತ ಕೊಟ್ಟರು. ಜನ ಅದನ್ನು ರಸ್ತೆ ಬದಿ ಇಟ್ಟು ಮಾರಿ ಬ್ರೆಡ್ ಕೊಳ್ಳಬೇಕಾಯಿತು. ನಿಮ್ಮ ಎರಡು ಲೀಟರ್ ಅಷ್ಟು ದೂರ ಹೋಗಿಲ್ಲ ನಿಜ, ಆದರೆ ಹಿಡಿದ ದಾರಿ ಅದೇ.

ಹಾಗಂತ ಮಿಲ್ಲಿನವರು ಮಿಲ್ಲಿನ ಎಣ್ಣೆ ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಬೇರೆಯವರಿಗಿಂತ ಕಡಿಮೆ ರೇಟಿಗೆ ಕೊಟ್ಟು, ಬೇಕಾದವರು ತಗೊಳ್ಳಿ ಎಂದರೆ ಅದು ಒಳ್ಳೆಯ ಸೌಲಭ್ಯ. ದೀಪಾವಳಿಗೆ ಒಂದು ಡಬ್ಬ ಪುಕ್ಕಟೆ ಕೊಟ್ಟರೆ ಇನ್ನೂ ಒಳ್ಳೆಯದು. ನಿಮಗೆ ಎಟುಕುವ ಬೆಲೆಗೆ ಸಿಕ್ಕರೆ ನೀವೇ ತಗೊಳ್ಳುತ್ತೀರಿ, ಯಾಕೆಂದರೆ ಆ ಎಣ್ಣೆ ಒಳ್ಳೆಯದು ಎಂದು ನಿಮ್ಮ ಪತ್ರದಲ್ಲೇ ಎರಡು ಸಲ ಬರೆದಿದ್ದೀರಿ. ಮಾಲೀಕರು ಇದನ್ನು ಓದುತ್ತಿದ್ದರೆ ಒಂದು ಮಾತು: ಪ್ಯಾಕಿಂಗ್‌ನಲ್ಲಿ ನಿಂತ ಹೆಣ್ಣುಮಗಳು ಊರಲ್ಲಿ ನಾಲ್ಕು ಜನರಿಗೆ "ನಮ್ಮ ಮಿಲ್ಲಿನ ಎಣ್ಣೆ ಚೆನ್ನಾಗಿದೆ, ನಾನೇ ತುಂಬುತ್ತೀನಿ" ಎಂದು ತಾನಾಗಿ ಹೇಳಿದರೆ ಅದಕ್ಕಿಂತ ದೊಡ್ಡ ಜಾಹೀರಾತು ಇಲ್ಲ. ಸಂಬಳ ಮುರಿದು ಕೊಟ್ಟ ಎಣ್ಣೆಯ ಬಗ್ಗೆ ಆಕೆಯ ಬಾಯಲ್ಲಿ ಆ ಮಾತು ಬರುವುದಿಲ್ಲ.

ಚಳ್ಳಕೆರೆಯ ಎಣ್ಣೆ ಕೊಳ್ಳುವ ಕರ್ತವ್ಯ ಯಾರಿಗಾದರೂ ಇದ್ದರೆ ಅದು ದಾವಣಗೆರೆ, ಚಿತ್ರದುರ್ಗದಲ್ಲಿ ಕೈತುಂಬಾ ಸಂಬಳ ತಗೊಳ್ಳುವ ನಮಗೆ, ನೌಕರಿಯವರಿಗೆ, ಡಾಕ್ಟರಿಗೆ, ದೊಡ್ಡ ಹೋಟೆಲಿನವರಿಗೆ. ನಾವು ತಗೊಂಡರೆ ಶೇಂಗಾ ಹಾಕಿದ ರೈತನಿಗೂ, ನಿಮಗೂ ಕೆಲಸ ಉಳಿಯುತ್ತದೆ. ಊರಿನ ಮಿಲ್ ಉಳಿಸುವ ಭಾರವನ್ನು ಎಲ್ಲರಿಗಿಂತ ಕಡಿಮೆ ಸಂಬಳದವರ ಮೇಲೆ ಹೊರಿಸುವುದು ನ್ಯಾಯವಲ್ಲ.

ಇನ್ನು ನೋಟಿಸ್ ವಿಷಯ. 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ಸಂಬಳದಲ್ಲಿ ಏನೇನು ಮುರಿಯಬಹುದು ಎಂದು ಕಾನೂನೇ ಪಟ್ಟಿ ಕೊಟ್ಟಿದೆ. ಈಗ ಅದರ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆಯಲ್ಲೂ ಪಟ್ಟಿ ಇದೆ. ಕೆಲಸಗಾರರು ಒಪ್ಪಿಕೊಳ್ಳದ ಸೌಲಭ್ಯಕ್ಕೆ ದುಡ್ಡು ಮುರಿಯುವಂತಿಲ್ಲ. ಆದ್ದರಿಂದ ನಿಮ್ಮ ಒಪ್ಪಿಗೆ ಇಲ್ಲಿ ಮುಖ್ಯ. ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ, ಹೆಬ್ಬೆಟ್ಟೂ ಒತ್ತಬೇಡಿ. ನೋಟಿಸಿನ ಫೋಟೋ ತೆಗೆದಿಟ್ಟುಕೊಳ್ಳಿ. ಒಬ್ಬರೇ ಹೋಗಿ ಕೇಳಬೇಡಿ, ಪ್ಯಾಕಿಂಗ್‌ನವರು ಎಲ್ಲ ಸೇರಿ ಮ್ಯಾನೇಜರ್ ಹತ್ತಿರ ಹೋಗಿ, "ಬೇಕಾದವರಿಗೆ ಕೊಡಿ, ಬೇಡದವರ ಸಂಬಳ ಮುರಿಯಬೇಡಿ" ಎಂದು ಬರವಣಿಗೆಯಲ್ಲಿ ಕೊಡಿ, ಒಂದು ಪ್ರತಿಗೆ ತಲುಪಿದ ಸಹಿ ಹಾಕಿಸಿಕೊಳ್ಳಿ. ಬಹಳಷ್ಟು ಕಡೆ ಇಷ್ಟಕ್ಕೇ ನೋಟಿಸ್ ಇಳಿಯುತ್ತದೆ. ಇಳಿಯದೆ ದುಡ್ಡು ಮುರಿದರೆ ಆ ತಿಂಗಳ ಸಂಬಳ ಚೀಟಿ ಹಿಡಿದುಕೊಂಡು ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ. ಅರ್ಜಿ ಬರೆಯಲು ತೊಡಕಾದರೆ ನಮಗೆ ಇನ್ನೊಂದು ಪತ್ರ ಹಾಕಿ, ನಾವು ಬರೆದು ಕಳಿಸುತ್ತೇವೆ.