ಅವರಿಗೇನೂ ಆಗಿಲ್ಲ, ಆದರೂ ನಿದ್ದೆಯಿಲ್ಲ

ಮಡಿಕೇರಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ‘ನನ್ನ ಹೆಂಡತಿ ಆಶಾ ಕಾರ್ಯಕರ್ತೆ. 2018ರ ಭೂಕುಸಿತದಲ್ಲಿ ನಮ್ಮ ಮನೆ, ತೋಟಕ್ಕೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಮನೆ ಕಳೆದುಕೊಂಡವರ, ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಏಟು ತಿನ್ನುವ ಹೆಂಗಸರ, ಆತ್ಮಹತ್ಯೆಯಾದ ಮನೆಗಳ ಗೋಳು ಕೇಳುತ್ತಲೇ ಇದ್ದಾಳೆ. ಈಗ ಜೋರು ಮಳೆ ಬಂದರೆ ರಾತ್ರಿ ಎದ್ದೆದ್ದು ಮನೆಯ ಹಿಂದಿನ ಬರೆ (ಗುಡ್ಡದ ಕಡಿದಾದ ಇಳಿಜಾರು) ನೋಡಿ ಬರುತ್ತಾಳೆ. ಮಗಳನ್ನು ನೆಂಟರ ಮನೆಗೂ ಕಳಿಸುವುದಿಲ್ಲ. ಏನಾಯಿತು ಎಂದರೆ ಸಿಡುಕು. ಮನಸ್ಸು ಇಷ್ಟು ಮೆತ್ತಗಾದರೆ ಹೇಗೆ? ಕೆಲಸ ಬಿಡಿಸಲೇ?’

ಸಂಪಾದಕರ ಉತ್ತರ:

ಮನಸ್ಸು ಮೆತ್ತಗಾದದ್ದಲ್ಲ, ಕೇಳಿದ್ದು ಅತಿಯಾಗಿದೆ. ಇನ್ನೊಬ್ಬರ ಸಂಕಟವನ್ನು ಮನಸ್ಸಿಟ್ಟು ಕೇಳುವವರಲ್ಲಿ ಲೋಕವನ್ನು ನೋಡುವ ರೀತಿಯೇ ಬದಲಾಗುವುದನ್ನು ಮೆಕ್‌ಕ್ಯಾನ್ ಮತ್ತು ಪರ್ಲ್‌ಮನ್ ಎಂಬ ಮನಶ್ಶಾಸ್ತ್ರಜ್ಞೆಯರು 1990ರಲ್ಲೇ ವಿವರಿಸಿದ್ದಾರೆ. ಸುರಕ್ಷತೆಯ ಭಾವನೆ, ಇತರರ ಮೇಲಿನ ನಂಬಿಕೆ ಎರಡಕ್ಕೂ ಪೆಟ್ಟು ಬೀಳುತ್ತದೆ. ಮಗಳನ್ನು ನೆಂಟರ ಮನೆಗೆ ಕಳಿಸದಿರುವುದು ಅದರದೇ ಗುರುತು. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿಯೂ, ಕೆಲಸದ ಭಾಗವಾಗಿ ಭೀಕರ ವಿವರಗಳನ್ನು ಪದೇಪದೇ ಕೇಳುವುದು, ನೋಡುವುದನ್ನು ಆಘಾತವೆಂದೇ ಪರಿಗಣಿಸುತ್ತದೆ.

ಇದನ್ನು ಬರೀ ಸುಸ್ತಿನ ಜೊತೆ ಬೆರೆಸಬೇಡಿ. ಕೆಲಸ ಹೆಚ್ಚಾಗಿ, ಕೈಗೆ ಬರುವ ಹಣ ಕಡಿಮೆಯಾಗಿ ಬರುವ ಬಳಲಿಕೆ ನಾಲ್ಕು ದಿನ ತವರಿಗೆ ಹೋಗಿ ಬಂದರೆ ಸ್ವಲ್ಪ ಇಳಿಯುತ್ತದೆ. ಕಣ್ಣಿಗೆ ಕಟ್ಟಿದ ದೃಶ್ಯ ತವರಿಗೂ ಜೊತೆಗೇ ಬರುತ್ತದೆ. ಅಷ್ಟಕ್ಕೂ ಮಾಡಿದ ಕೆಲಸದ ಲೆಕ್ಕಕ್ಕೆ ಪ್ರೋತ್ಸಾಹಧನ ಪಡೆಯುವವರಿಗೆ ‘ರಜೆ ಹಾಕಿ’ ಎನ್ನುವುದು ಸುಲಭದ ಉಪದೇಶ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಎರಡು ತೊಡಕು ಹೆಚ್ಚು. ಊರು ಚಿಕ್ಕದು. ಬೆಳಿಗ್ಗೆ ಗುಟ್ಟು ಹೇಳಿದವಳು ಸಂತೆಯಲ್ಲಿ ಎದುರಾಗುತ್ತಾಳೆ, ಹೊಡೆದ ಗಂಡ ಮದುವೆ ಊಟದಲ್ಲಿ ಪಕ್ಕದಲ್ಲೇ ಕೂರುತ್ತಾನೆ. ಹೆಸರು ಹೇಳದಿದ್ದರೂ ಗುರುತು ಸಿಗುವುದರಿಂದ ನಿಮ್ಮ ಪತ್ನಿ ಯಾರ ಬಳಿಯೂ ಬಾಯಿಬಿಡಲಾರರು. ಎರಡನೆಯದು ಮಳೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿಯಿತು. ಹೀಗಾಗಿ ಕಕ್ಕಡದ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯ ಸದ್ದೇ ನೆನಪನ್ನು ಎಬ್ಬಿಸುತ್ತದೆ.

ಹಾಗೆಂದು ಬರೆಯ ಭಯವೆಲ್ಲ ಭ್ರಮೆ ಎನ್ನಬೇಡಿ. ಹಗಲಲ್ಲಿ ನೀವೇ ಹೋಗಿ ನೋಡಿ: ಬರೆಯ ತಲೆಯಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಕೆಸರಾದ ಒರತೆ ಇದ್ದರೆ ಪಂಚಾಯಿತಿಗೆ ತಿಳಿಸಿ, ಮನೆ ಬಿಟ್ಟು ಬೇರೆಡೆ ಹೋಗಿ. ಏನೂ ಇಲ್ಲವೆಂದರೆ ಕತ್ತಲಾಗುವ ಮುನ್ನ ಇಬ್ಬರೂ ಒಮ್ಮೆ ನೋಡಿ ಬರುವುದೆಂದು ಗೊತ್ತುಮಾಡಿಕೊಳ್ಳಿ. ಪದೇಪದೇ ಎದ್ದು ನೋಡುವುದರಿಂದ ಭಯ ಕ್ಷಣ ಇಳಿದು ಮತ್ತೆ ಏರುತ್ತದೆ.

ಇನ್ನು ಅವರ ಕೆಲಸದ ವಿಚಾರ. ನೆರವಿಗೆ ಬೇಕಾದಷ್ಟೇ ವಿವರ ಕೇಳಲಿ: ಈಗ ಅಪಾಯವಿದೆಯೇ, ಗಾಯವಿದೆಯೇ, ಮಕ್ಕಳೆಲ್ಲಿದ್ದಾರೆ, ಎಲ್ಲಿಗೆ ಕಳಿಸಬೇಕು. ಹೊಡೆತದ ಪೂರ್ತಿ ವರ್ಣನೆಯನ್ನು ಕೆದಕಿ ತೆಗೆಯುವ ಅಗತ್ಯವಿಲ್ಲ. ಹೇಳುವವಳಿಗೂ ಅದು ಹಿಂಸೆ. ‘ಇದು ನನ್ನ ಮಗಳಿಗಾಗಿದ್ದರೆ’ ಎಂದು ಕಲ್ಪಿಸಿಕೊಳ್ಳುವುದೇ ಹೆಚ್ಚು ಸುಡುವುದು. ‘ಇವಳಿಗೆ ಈಗ ಹೇಗನಿಸುತ್ತಿದೆ’ ಎಂದು ಯೋಚಿಸಿದರೂ ಕಾಳಜಿ ಉಳಿಯುತ್ತದೆ, ಉರಿ ಕಡಿಮೆ. ಸಾವಿನ ಮನೆ, ಜಗಳದ ಮನೆ ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳದೆ ನಡುವೆ ಲಸಿಕೆ, ಬಾಣಂತಿ ಭೇಟಿ ಸೇರಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ, ವಿಡಿಯೊ ತಾನಾಗಿ ಇಳಿಯುವ ಸೆಟ್ಟಿಂಗ್ ಆಫ್ ಮಾಡಲಿ. ಕುಸಿತದ, ಆನೆ ದಾಳಿಯ ಶವಗಳ ಚಿತ್ರ ಹಂಚುವ ಗ್ರೂಪುಗಳಿಗಂತೂ ನಮ್ಮಲ್ಲಿ ಬರವಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದ ಮಾಸಿಕ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೇ ಮೀಸಲಿಡುವಂತೆ ವೈದ್ಯಾಧಿಕಾರಿಯನ್ನು ಕೇಳಬಹುದು. ಹೆಸರು, ಊರು ಬೇಡ. ಕಷ್ಟವಾದದ್ದೇನು, ಮಾಡಿದ್ದೇನು, ಆಗದಿದ್ದದ್ದೇನು ಎಂಬಷ್ಟು ಸಾಕು. ಆದರೆ ಎಲ್ಲರನ್ನೂ ಒಂದು ಸಲ ಕೂರಿಸಿ ಘಟನೆಯನ್ನು ಇಂಚಿಂಚಾಗಿ ಹೇಳಿಸುವ ಸಭೆ ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಶಿಫಾರಸು ಮಾಡುವುದಿಲ್ಲ.

ನಿಮ್ಮ ಪಾಲಿನದು: ‘ಏನಾಯಿತು’ ಎಂದು ಕೇಳಬೇಡಿ. ಆ ಪ್ರಶ್ನೆ ಗುಟ್ಟನ್ನೂ ದೃಶ್ಯವನ್ನೂ ಒಟ್ಟಿಗೆ ಕೆದಕುತ್ತದೆ, ಅದಕ್ಕೇ ಸಿಡುಕು. ‘ಇವತ್ತು ಭಾರವಾಯಿತಾ?’ ಎಂದರೆ ಸಾಕು. ಬಂದ ಕೂಡಲೇ ಬಿಸಿನೀರು, ಕಾಫಿ, ಅರ್ಧ ಗಂಟೆ ಮೌನಕ್ಕೆ ಬಿಡಿ. ನಿದ್ದೆಗೆಂದು ಒಂದು ಪೆಗ್ ಕೊಡುವ ನಮ್ಮ ಕಡೆಯ ಔಷಧ ಬೇಡ. ಮೊದಲು ಮಂಪರು ಬಂದರೂ ನಡುರಾತ್ರಿಯ ನಂತರ ಅದೇ ನಿದ್ದೆ ಕೆಡಿಸುತ್ತದೆ.

ಕೆಲಸ ಬಿಡುವ ತೀರ್ಮಾನ ಮಳೆಗಾಲದ ನಡುವೆ ಬೇಡ, ಮತ್ತು ಅದು ನಿಮ್ಮದಲ್ಲ, ಅವರದು. ಕೆಟ್ಟ ಕನಸು, ಬೆಚ್ಚಿಬೀಳುವುದು, ಜನರನ್ನು ದೂರವಿಡುವುದು ತಿಂಗಳಿಗೂ ಮೀರಿ ಉಳಿದಿದ್ದರೆ ಚಿಕಿತ್ಸೆ ಬೇಕು. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಯಿಂದ ಗುಣ ಕಾಣುತ್ತದೆ, ಬರೀ ನಿದ್ದೆ ಮಾತ್ರೆಯಿಂದಲ್ಲ. ಊರವರ ಕಣ್ಣಿಗೆ ಬೀಳುವ ಅಂಜಿಕೆಯಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಲಿ: ಉಚಿತ, ಹಗಲುರಾತ್ರಿ, ಕನ್ನಡದಲ್ಲೇ. ಆದರೆ ಸಾಯುವ ಮಾತು ಬಂದರೆ ಕಾಯದೆ, ಒಬ್ಬರನ್ನೇ ಬಿಡದೆ, ಅಂದೇ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ.